ಒಂದು ಕೋಣೆಯ ಕೀಲಿಕೈ

ಕೇಳುಗರಿಗೆ ನಮಸ್ಕಾರ. ರಾಯಚೂರು, ಸಿಂಧನೂರು, ಮಾನ್ವಿ ಕಡೆಯ ಕಾಲೇಜು ಹುಡುಗ ಹುಡುಗಿಯರು ಕೇಳುತ್ತಿದ್ದೀರಿ ಅಂದುಕೊಂಡು ಮಾತಾಡುತ್ತೇನೆ. ಹಿರಿಯರೂ ಇರಿ, ಗಂಜ್ ಮಾರುಕಟ್ಟೆಯ ಕಥೆಯೂ ಇದೆ.

ಡೆಬಿಯನ್ ಅಂತ ಕಂಪ್ಯೂಟರ್ ನಡೆಸುವ ಒಂದು ಮುಕ್ತ ತಂತ್ರಾಂಶ. 1993ರಲ್ಲಿ ಶುರುವಾಯಿತು. ಯಾವ ಕಂಪನಿಯದೂ ಅಲ್ಲ, ಬೇರೆ ಬೇರೆ ದೇಶದ ಸ್ವಯಂಸೇವಕರು ಕಟ್ಟಿದ್ದು. ತಪ್ಪು ತಿದ್ದಿ ಕಳಿಸುವುದು ಯಾರಾದರೂ ಮಾಡಬಹುದು. ಆದರೆ ತಿದ್ದಿದ್ದನ್ನು ಎಲ್ಲರ ಕಂಪ್ಯೂಟರಿಗೆ ಹೋಗುವ ಉಗ್ರಾಣಕ್ಕೆ ಏರಿಸಲು ಅಪ್‌ಲೋಡ್ ಹಕ್ಕು ಬೇಕು. ಹೊಸಬರಿಗೆ ಅದನ್ನು ಯಾವಾಗ ಕೊಡಬೇಕು? ನನ್ನ ಉತ್ತರ ಒಂದೇ. ಬೇಗ ಕೊಡಿ, ಆದರೆ ಒಂದು ಕೋಣೆಯ ಕೀಲಿಕೈ ಮಾತ್ರ ಕೊಡಿ.

ನಮ್ಮಪ್ಪನಿಗೆ ಗಂಜ್‌ನಲ್ಲಿ ದಲಾಲಿ ಅಂಗಡಿ ಇತ್ತು. ಹತ್ತಿ ಸೀಜನ್ ಬಂದರೆ ಪುರುಸೊತ್ತೇ ಇಲ್ಲ. ಹೊಸ ಗುಮಾಸ್ತ ತೂಕ ಬರೆಯುತ್ತಿದ್ದ, ಲೆಕ್ಕ ಕೂಡುತ್ತಿದ್ದ. ಪಟ್ಟಿಗೆ ಸಹಿ ಮಾತ್ರ ಅಪ್ಪನದು. ಅಪ್ಪ ಊಟಕ್ಕೆ ಹೋದರೆ ರೈತರು ಬಂಡಿ ನೆರಳಲ್ಲಿ ಕೂತು ಕಾಯಬೇಕು. ಒಂದು ದಿನ ಲಿಂಗಸುಗೂರು ಕಡೆಯ ಅಜ್ಜ ರೇಗಿಬಿಟ್ಟ. "ಸಾವ್ಕಾರ್ರ, ಈ ಹುಡುಗ ಬರದಿದ್ದನ್ನ ನೀವು ಓದದ ಸಹಿ ಹಾಕ್ತೀರಿ. ಮತ್ತ ನನ್ನ ಯಾಕ ಕಾಯಿಸ್ತೀರಿ?" ಅಪ್ಪ ನಕ್ಕರು, ಆದರೆ ರಾತ್ರಿಯೆಲ್ಲ ಯೋಚಿಸಿದರು. ಮರುದಿನ ಶೇಂಗಾ ಪಟ್ಟಿಯ ಸಹಿ ಗುಮಾಸ್ತನಿಗೆ. ಹತ್ತಿಯದು ಅಲ್ಲ, ತಿಜೋರಿಯದಂತೂ ಅಲ್ಲವೇ ಅಲ್ಲ. ಆ ವಾರವೇ ಅವನು ಒಬ್ಬರಿಗೆ ನೂರು ರೂಪಾಯಿ ಜಾಸ್ತಿ ಬರೆದ. ರಾತ್ರಿ ಖಾತೆ ಕೂಡಿಸುವಾಗ ಅಪ್ಪನ ಕಣ್ಣಿಗೆ ಬಿತ್ತು. ಬೈದರು, ಸಹಿ ಕಸಿದುಕೊಳ್ಳಲಿಲ್ಲ. ಎರಡು ಸೀಜನ್ ಕಳೆದ ಮೇಲೆ ಹತ್ತಿಯೂ ಅವನದೇ ಆಯಿತು.

ಡೆಬಿಯನ್‌ನವರು 2007ರಲ್ಲಿ ಮಾಡಿದ್ದೂ ಇದೇ ಅಲ್ವಾ? ಅದಕ್ಕೂ ಮೊದಲು, ಹೊಸಬರು ಪೂರ್ತಿ ಹಕ್ಕಿನ ಡೆವಲಪರ್ ಆಗುವವರೆಗೆ ಪ್ರತಿ ಸಲವೂ ತಮ್ಮ ಕೆಲಸ ಏರಿಸಿಕೊಡಲು ಹಕ್ಕಿರುವ ಒಬ್ಬ ಸ್ಪಾನ್ಸರ್‌ನನ್ನು ಹುಡುಕಬೇಕಿತ್ತು. ಆ ವರ್ಷ 'ಡೆಬಿಯನ್ ಮೇಂಟೇನರ್' ಅಂತ ನಡುವಿನ ಒಂದು ಮೆಟ್ಟಿಲು ಮಾಡಿದರು. ಅವರು ತಮಗೆ ವಹಿಸಿದ ಪ್ಯಾಕೇಜನ್ನು, ಅಂದರೆ ಉಗ್ರಾಣದ ಒಂದೊಂದು ತಂತ್ರಾಂಶದ ಕಟ್ಟನ್ನು, ಮಾತ್ರ ತಾವೇ ಏರಿಸಬಹುದು. ಶೇಂಗಾ ಮಾತ್ರ!

"2024ರಲ್ಲಿ ಏನಾಯ್ತು ನೋಡಲಿಲ್ವಾ?" ಅಂತ ಕೆಲವರು ನನ್ನನ್ನು ಕೇಳುತ್ತಾರೆ. ನೋಡಿದೆ. ಎಕ್ಸ್‌ಝಡ್ ಅನ್ನುವ, ಕಡತ ಕುಗ್ಗಿಸುವ ಪುಟ್ಟ ತಂತ್ರಾಂಶದಲ್ಲಿ ಎರಡು ವರ್ಷಕ್ಕಿಂತ ಜಾಸ್ತಿ ಒಳ್ಳೆಯವನಂತೆ ದುಡಿದ ಅನಾಮಿಕನೊಬ್ಬ ಕಳ್ಳ ಬಾಗಿಲು ಕೊರೆದಿದ್ದ. ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆ ಅಂತ ಒಬ್ಬ ಇಂಜಿನಿಯರ್ ಹುಡುಕಿ ಹೊರಟಿದ್ದಕ್ಕೆ ಅದು ಬಯಲಾಯಿತು. ಅದಕ್ಕೆ ಹೊಸಬರಿಗೆಲ್ಲ ಬಾಗಿಲು ಹಾಕಿಬಿಡಿ ಅಂದರೆ ನನಗೆ ಸಿಟ್ಟು ಬರುತ್ತದೆ. ಆ ತಂತ್ರಾಂಶ ನೋಡಿಕೊಳ್ಳುತ್ತಿದ್ದದ್ದು ದಣಿದ ಸ್ವಯಂಸೇವಕ, ಅವನೂ ಒಬ್ಬನೇ. ಬೇಗ ಮಾಡು, ಬೇರೆಯವರಿಗೆ ಕೊಡು ಅಂತ ಪೀಡಿಸುವ ಅಪರಿಚಿತರು ಬೇರೆ. ಕೊನೆಗೆ ಕೀಲಿಕೈಗಳ ಇಡೀ ಗೊಂಚಲೇ ಆ ಅನಾಮಿಕನ ಕೈಗೆ ಹೋಯಿತು. ರಾತ್ರಿ ಖಾತೆ ನೋಡುವವರು ಯಾರೂ ಇರಲಿಲ್ಲ.

ಗುರುತಿನ ಚೀಟಿ ತೋರಿಸಿ ಈ ಹಕ್ಕಿಗೆ ಬೇಕಾದ ನಿಮ್ಮ ಡಿಜಿಟಲ್ ಕೀಲಿಗೆ, ಅಂದರೆ ಕಳಿಸಿದವರು ನೀವೇ ಅಂತ ತೋರಿಸುವ ಗುರುತಿಗೆ, ಡೆವಲಪರ್‌ನಿಂದ ಸಹಿ ಮಾಡಿಸುವುದು ಹೇಗೆ ಅಂತಲೂ ಹೇಳಬೇಕಿತ್ತು. ಗಂಜ್ ಆ ಹೊತ್ತನ್ನು ನುಂಗಿಬಿಟ್ಟಿತು, ಸಮಯ ಮುಗಿಯಿತು ಅಂತ ಗಾಜಿನಾಚೆ ಕೈ ತೋರಿಸುತ್ತಿದ್ದಾರೆ. ಹುಡುಗರೇ, ಸುಮ್ನೆ ಒಂದು ಸಣ್ಣ ಪ್ಯಾಕೇಜ್ ಹಿಡಿಯಿರಿ. ಹಕ್ಕು ಇರುವವರೇ, ಓದದೆ ಸಹಿ ಹಾಕುತ್ತಿದ್ದರೆ ಆ ಒಂದು ಕೋಣೆಯ ಕೀಲಿಕೈ ಇವತ್ತೇ ಕೊಟ್ಟುಬಿಡಿ. ನಮಸ್ಕಾರ.