ಬೂಸ್ಟ್ ಏರಿಸುವ ಮುಂಚೆ

ಕೇಳುಗರಿಗೆಲ್ಲ ನಮಸ್ಕಾರ.

ಕುಂದಾಪುರದ ಹತ್ತಿರ ಹೆದ್ದಾರಿ ಬದಿಯಲ್ಲಿ ನನ್ನದೊಂದು ಗ್ಯಾರೇಜು ಇದೆ. ಮುಂಚೆ ಲಾರಿ, ಜೀಪುಗಳೇ ಬರುತ್ತಿದ್ದವು. ಈಗ ಟರ್ಬೊ ಪೆಟ್ರೋಲ್ ಕಾರು ತಂದು ನಿಲ್ಲಿಸುವ ಹುಡುಗರು ಜಾಸ್ತಿ. ಬಂದವರೆಲ್ಲ ಕೇಳುವುದು ಒಂದೇ ಮಾತು. "ಅಣ್ಣಾ, ರೀಮ್ಯಾಪ್ ಮಾಡಿಸಿದ್ರೆ ಎಷ್ಟು ಹಾರ್ಸ್‌ಪವರ್ ಜಾಸ್ತಿ ಆಗುತ್ತೆ?"

ರೀಮ್ಯಾಪ್ ಅಂದರೆ ಎಂಜಿನ್ ನಡೆಸುವ ಕಂಪ್ಯೂಟರಿನ ಲೆಕ್ಕವನ್ನು ಬದಲಾಯಿಸುವುದು. ಆ ಲೆಕ್ಕಕ್ಕೇ ಮ್ಯಾಪ್ ಅನ್ನುತ್ತೇವೆ. ಕೇಳುವುದರಲ್ಲಿ ತಪ್ಪಿಲ್ಲ. ಅವರ ವಯಸ್ಸಿನಲ್ಲಿ ನಾನೂ ಇದನ್ನೇ ಕೇಳುತ್ತಿದ್ದೆ. ಆದರೆ ಅದಕ್ಕೂ ಮುಂಚೆ ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ. ಅದನ್ನು ನಾನು ಕಲಿತದ್ದು ಶಾರ್ಜಾದಲ್ಲಿ, ಒಂದು ಹಳೆಯ ಜಪಾನೀ ಕಾರಿನ ಬಾನೆಟ್ ಕೆಳಗೆ. ಇವತ್ತು ಆ ಕಾರಿನ ಕತೆ ಹೇಳುತ್ತೇನೆ.

ಕಾರಿನ ಹೆಸರು ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್. ಅದರಲ್ಲೂ ಆರ್ 32 ಎಂಬ ಮಾದರಿ. 1989ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂತು. ಸಾಲಾಗಿ ಆರು ಸಿಲಿಂಡರ್, 2568 ಸಿಸಿ, ಎರಡು ಟರ್ಬೊ. ಎಂಜಿನ್ ಯಾಕೆ ಸರಿಯಾಗಿ ಎರಡೂವರೆ ಲೀಟರ್ ಇಲ್ಲ ಅಂತ ನನಗೆ ಮೊದಲು ಆಶ್ಚರ್ಯ ಆಗಿತ್ತು. ಉತ್ತರ ರೇಸಿನಲ್ಲಿದೆ. ಮಾರಾಟದ ಕಾರುಗಳನ್ನೇ ತಿದ್ದಿ ಓಡಿಸುವ ಆಗಿನ ಗ್ರೂಪ್ ಎ ರೇಸುಗಳಲ್ಲಿ ಟರ್ಬೊ ಇದ್ದ ಎಂಜಿನ್‌ನ ಸಿಸಿಯನ್ನು 1.7ರಿಂದ ಗುಣಿಸಿ ಲೆಕ್ಕ ಹಿಡಿಯುತ್ತಿದ್ದರು. 2568ನ್ನು ಗುಣಿಸಿದರೆ 4365 ಬರುತ್ತದೆ. 4500 ಸಿಸಿ ವರ್ಗದ ಒಳಗೆ ಆರಾಮಾಗಿ ಕೂರುತ್ತದೆ. ಅಂದರೆ ಈ ಕಾರನ್ನು ಮಾಡಿದ್ದೇ ರೇಸ್ ಗೆಲ್ಲುವುದಕ್ಕೆ. ಗೆದ್ದಿತು ಕೂಡ. ಜಪಾನಿನ ಟೂರಿಂಗ್ ಕಾರ್ ರೇಸುಗಳಲ್ಲಿ 1990ರಿಂದ 1993ರವರೆಗೆ 29 ರೇಸ್ ಓಡಿತು, 29ನ್ನೂ ಗೆದ್ದಿತು. ಆಸ್ಟ್ರೇಲಿಯಾದ ಬ್ಯಾಥರ್ಸ್ಟ್‌ನಲ್ಲಿ 1991 ಮತ್ತು 1992, ಎರಡೂ ವರ್ಷ ಗೆಲುವು ಇದರದ್ದೇ.

ಆ ರೇಸ್ ಕಾರುಗಳ ಶಕ್ತಿ 500 ಹಾರ್ಸ್‌ಪವರ್ ದಾಟುತ್ತಿತ್ತು. ಶೋರೂಮಿನಲ್ಲಿ ಮಾರುತ್ತಿದ್ದ ಕಾರಿನ ಕಾಗದದಲ್ಲಿ ಮಾತ್ರ 280 ಅಂತ ಇರುತ್ತಿತ್ತು. ಜಪಾನಿನ ಕಾರು ಕಂಪನಿಗಳು ತಮ್ಮತಮ್ಮಲ್ಲೇ ಒಂದು ಒಪ್ಪಂದ ಮಾಡಿಕೊಂಡಿದ್ದವು. ತಮ್ಮ ದೇಶದಲ್ಲಿ ಮಾರುವ ಕಾರಿಗೆ 280ಕ್ಕಿಂತ ಜಾಸ್ತಿ ತೋರಿಸಬಾರದು ಅಂತ. ಆ ಒಪ್ಪಂದ 2004ರವರೆಗೂ ನಡೆಯಿತು. ಹೀಗಾಗಿ ದೊಡ್ಡ ಕೆಲಸಕ್ಕೆ ಹುಟ್ಟಿದ ಎಂಜಿನ್‌ಗೆ ಕಡಿವಾಣ ಹಾಕಿ ಮಾರುತ್ತಿದ್ದರು. ಆ ಕಡಿವಾಣ ಎಷ್ಟು ದೊಡ್ಡದು ಗೊತ್ತಾ? ಒಂದು ಕಡಲೆಬೀಜದಷ್ಟು.

ಅದು ಹೇಗೆ ಅಂತ ಹೇಳಲು ಟರ್ಬೊದ ಬಗ್ಗೆ ಎರಡು ಮಾತು ಹೇಳಬೇಕು. ಎಂಜಿನ್‌ನಿಂದ ಹೊರಗೆ ಹೋಗುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರ ಹೊಸ ಗಾಳಿಯನ್ನು ಎಂಜಿನ್ ಒಳಗೆ ಒತ್ತುತ್ತದೆ. ನಿಮಿಷಕ್ಕೆ ಒಂದು ಲಕ್ಷ ಸುತ್ತಿಗಿಂತಲೂ ಜಾಸ್ತಿ. ಒಳಗೆ ಗಾಳಿ ಜಾಸ್ತಿ ಹೋದರೆ ಪೆಟ್ರೋಲ್ ಜಾಸ್ತಿ ಉರಿಸಬಹುದು, ಪಿಕಪ್ ಜಾಸ್ತಿ ಸಿಗುತ್ತದೆ. ಹೀಗೆ ಒತ್ತುವ ಒತ್ತಡಕ್ಕೇ ಬೂಸ್ಟ್ ಅನ್ನುತ್ತೇವೆ. ಅದು ಮಿತಿ ಮೀರದಂತೆ ವೇಸ್ಟ್‌ಗೇಟ್ ಎಂಬ ಬಾಗಿಲು ತೆರೆದು, ಹೊಗೆಯನ್ನು ಚಕ್ರಕ್ಕೆ ತಾಗಿಸದೆ ಪಕ್ಕಕ್ಕೆ ಕಳಿಸುತ್ತದೆ. ಆ ಬಾಗಿಲಿಗೆ ಹೋಗುವ ಸಣ್ಣ ರಬ್ಬರ್ ಪೈಪುಗಳಲ್ಲಿ ಒಂದರ ಒಳಗೆ ಆರ್ 32ರಲ್ಲಿ ಒಂದು ಪುಟ್ಟ ಲೋಹದ ತುಂಡು ಇರುತ್ತದೆ. ನಡುವೆ ಸಣ್ಣ ತೂತು. ಅದನ್ನು ಎಳೆದು ಬಿಸಾಡಿದರೆ ಬೂಸ್ಟ್ ಸುಮ್ನೆ ಏರಿ ಒಂದು ಬಾರ್ ಹತ್ತಿರ ಹೋಗುತ್ತದೆ. ಬಾರ್ ಅಂದರೆ ಒತ್ತಡದ ಅಳತೆ. ಹತ್ತು ನಿಮಿಷದ ಕೆಲಸ, ಒಂದು ರೂಪಾಯಿ ಖರ್ಚಿಲ್ಲ.

ಕೇಳುವುದಕ್ಕೆ ಎಷ್ಟು ಚೆನ್ನಾಗಿದೆ ಅಲ್ವಾ?

ನಾನು ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾದ ಒಂದು ಗ್ಯಾರೇಜಿನಲ್ಲಿ ಕೆಲಸಕ್ಕಿದ್ದಾಗ ಇಂಥ ಒಂದು ಕಾರು ಬಂತು. ಅದರ ಮಾಲೀಕರು ಅದನ್ನು ದುಬೈ ಆಟೊಡ್ರೋಮ್ ಟ್ರ್ಯಾಕ್‌ನಲ್ಲಿ ಓಡಿಸಲಿಕ್ಕೆಂದೇ ಇಟ್ಟುಕೊಂಡಿದ್ದರು. ಪುಟ್ಟ ತುಂಡನ್ನು ಅವರೇ ಕಿತ್ತಾಗಿತ್ತು. ಅವರಿಗೆ ಇನ್ನೂ ಬೇಕಿತ್ತು. ಬೂಸ್ಟ್ 1.2 ಬಾರ್ ಮಾಡಿಕೊಡಿ ಅಂದರು. ನಮ್ಮ ಫೋರ್‌ಮನ್ ಕೇರಳದವರು, ಕಡಿಮೆ ಮಾತಿನ ಮನುಷ್ಯ. ಆಗಲ್ಲ ಅಂದುಬಿಟ್ಟರು. ಮಾಲೀಕರು ಬೇರೆ ಕಡೆ ಹೋಗಿ ಮಾಡಿಸಿಕೊಂಡರು. ಮೂರು ವಾರ ಕಳೆದು ಕಾರು ನಮ್ಮಲ್ಲಿಗೇ ವಾಪಸ್ ಬಂತು, ರಿಕವರಿ ಲಾರಿಯ ಮೇಲೆ.

ಹಿಂದಿನ ಟರ್ಬೊ ಬಿಚ್ಚಿದ್ದು ನಾನೇ. ಹೊಗೆ ಕಡೆಯ ಕವಚ ತೆಗೆದು ನೋಡಿದರೆ ಶಾಫ್ಟ್ ಇದೆ, ತುದಿಯಲ್ಲಿ ಚಕ್ರವೇ ಇಲ್ಲ! ಊರಿನ ಗ್ಯಾರೇಜಿನಲ್ಲಿ ಎಷ್ಟೋ ಲಾರಿ ಟರ್ಬೊ ಬಿಚ್ಚಿದ್ದೆ. ಚಕ್ರ ಸವೆದದ್ದು, ಅಂಚು ಮುರಿದದ್ದು ಕಂಡಿದ್ದೆ. ಚಕ್ರ ಪೂರ್ತಿ ಮಾಯ ಆದದ್ದು ಅದೇ ಮೊದಲು. ಆಮೇಲೆ ಸೈಲೆನ್ಸರ್ ಪೈಪಿನಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಬಿಚ್ಚಿದಾಗ ಒಳಗೆ ಬಿಳಿಬೂದು ಬಣ್ಣದ ಚೂರುಗಳು ಸಿಕ್ಕವು. ಒಡೆದ ಪಿಂಗಾಣಿ ಬಟ್ಟಲಿನ ಹಾಗೆ.

ಅದು ನಿಜಕ್ಕೂ ಪಿಂಗಾಣಿಯ ಬಂಧುವೇ. ಆರ್ 32ರ ಟರ್ಬೊದಲ್ಲಿ ಹೊಗೆ ಕಡೆಯ ಚಕ್ರ ಸೆರಾಮಿಕ್‌ನದು. ಉಕ್ಕಿಗಿಂತ ತುಂಬಾ ಹಗುರ. ಹಗುರ ಇದ್ದದ್ದು ಬೇಗ ತಿರುಗುತ್ತದೆ, ಆಕ್ಸಲರೇಟರ್ ಒತ್ತಿದ ತಕ್ಷಣ ಬೂಸ್ಟ್ ಬರುತ್ತದೆ. ಕಂಪನಿ ಲೆಕ್ಕ ಹಾಕಿದ ಬೂಸ್ಟ್‌ನಲ್ಲಿ ಅದು ಒಳ್ಳೆಯ ಆಯ್ಕೆಯೇ. ಬೂಸ್ಟ್ ಒಂದು ಬಾರ್ ದಾಟಿಸಿ, ಜೊತೆಗೆ ಹೊಗೆಯ ಬಿಸಿಯೂ ಏರಿದರೆ ಸೆರಾಮಿಕ್ ಚಕ್ರ ಉಕ್ಕಿನ ಶಾಫ್ಟಿನಿಂದ ಕಳಚಿಕೊಳ್ಳುತ್ತದೆ. ಇದು ಕಂಪನಿಗೂ ಗೊತ್ತಿತ್ತು. 1990ರಲ್ಲಿ ರೇಸಿಗೆಂದು ತನ್ನ ರೇಸ್ ವಿಭಾಗವಾದ ನಿಸ್ಮೊ ಹೆಸರಿನಲ್ಲಿ 560 ಕಾರು ಮಾಡಿದಾಗ, ಅದರಲ್ಲಿ ಸೆರಾಮಿಕ್ ತೆಗೆದು ಲೋಹದ ಚಕ್ರ ಹಾಕಿದ್ದರು. ಆ ಒಂದು ಬದಲಾವಣೆಯನ್ನು ಗಮನಿಸಿದ್ದರೆ ಸಾಕಿತ್ತು. ಉತ್ತರ ಅಲ್ಲೇ ಇತ್ತು.

ಆ ಸಂಜೆ ಫೋರ್‌ಮನ್ ನನ್ನನ್ನು ಕೂರಿಸಿಕೊಂಡು ಹೇಳಿದ ಮಾತು ಇದು. "ಎಷ್ಟು ಶಕ್ತಿ ಬೇಕು ಅಂತ ಆಮೇಲೆ ಯೋಚಿಸು. ಮೊದಲು ಸೋಲುವ ಭಾಗ ಯಾವುದು, ಅದನ್ನು ಕೇಳು." ನಾನು ಹೇಳಿದ ಪ್ರಶ್ನೆ ಇದೇ. ಅವರು ಒಂದು ಹಾಳೆ ತಗೊಂಡು ಆ ಎಂಜಿನ್‌ನಲ್ಲಿ ಯಾವುದು ಯಾವಾಗ ಸೋಲುತ್ತದೆ ಅಂತ ಬರೆಯುತ್ತಾ ಹೋದರು. ಮೊದಲು ಟರ್ಬೊ ಅಂತ ಬರೆಯುತ್ತಾರೆ ಅಂದುಕೊಂಡಿದ್ದೆ. ಅವರು ಬರೆದದ್ದು ಆಯಿಲ್.

ಆರ್ 32ರ ಮೊದಲ ವರ್ಷಗಳ ಎಂಜಿನ್‌ಗಳಲ್ಲಿ ಕ್ರ್ಯಾಂಕ್‌ಶಾಫ್ಟಿನ, ಅಂದರೆ ಪಿಸ್ಟನ್‌ಗಳು ತಿರುಗಿಸುವ ಮುಖ್ಯ ಶಾಫ್ಟಿನ ಮೂತಿ ಆಯಿಲ್ ಪಂಪನ್ನು ಹಿಡಿದು ತಿರುಗಿಸುವ ಜಾಗ ಬಹಳ ಕಿರಿದು. ಊರಿಗೆ ಹೋಗಿ ಬರುವ ಓಡಾಟಕ್ಕೆ ಸಾಕು. ಎಂಜಿನ್ ಮತ್ತೆ ಮತ್ತೆ ಏಳೆಂಟು ಸಾವಿರ ಆರ್‌ಪಿಎಂಗೆ ಹೋಗಿ ಬಡಿದುಕೊಂಡರೆ ಪಂಪಿನ ಒಳಗಿನ ಗೇರು ಸೀಳುತ್ತದೆ. ಆಯಿಲ್ ಒತ್ತಡ ಸೊನ್ನೆ. ಆಮೇಲೆ ಬೇರಿಂಗು ಹೋಗಲು ಎಷ್ಟು ಹೊತ್ತು? ನಿಸ್ಸಾನ್ ಮುಂದೆ ಆ ಜಾಗವನ್ನು ಅಗಲ ಮಾಡಿತು. ಹಳೆಯ ಕ್ರ್ಯಾಂಕ್‌ಗೆ ಒಂದು ಉಂಗುರ ಕೂರಿಸಿ, ಗಟ್ಟಿ ಗೇರಿನ ಪಂಪು ಹಾಕುವುದು ಈಗ ಎಲ್ಲರಿಗೂ ಗೊತ್ತಿರುವ ಮದ್ದು. ಇನ್ನೊಂದು ತೊಂದರೆಯೂ ಇದೆ. ಟ್ರ್ಯಾಕ್‌ನಲ್ಲಿ ತುಂಬಾ ಹೊತ್ತು ಓಡಿಸಿದರೆ ಆಯಿಲ್ ಎಂಜಿನ್ನಿನ ಮೇಲ್ಭಾಗದ ಹೆಡ್‌ನಲ್ಲೇ ನಿಂತುಬಿಡುತ್ತದೆ, ಕೆಳಗಿನ ಆಯಿಲ್ ತೊಟ್ಟಿಗೆ, ಅಂದರೆ ಸಂಪ್‌ಗೆ, ಬೇಗ ಇಳಿಯುವುದಿಲ್ಲ. ಹೆಡ್‌ಗೆ ಹೋಗುವ ಆಯಿಲ್ ದಾರಿಯನ್ನು ಸ್ವಲ್ಪ ಕಿರಿದು ಮಾಡಿ, ಸಂಪನ್ನು ದೊಡ್ಡದು ಮಾಡಿದೆವು. ಇಷ್ಟೆಲ್ಲ ಖರ್ಚು ಮಾಡಿದರೂ ಒಂದೇ ಒಂದು ಹಾರ್ಸ್‌ಪವರ್ ಜಾಸ್ತಿ ಆಗಲಿಲ್ಲ. ಮಾಲೀಕರ ಮುಖ ಸಣ್ಣದಾದದ್ದು ನನಗೆ ನೆನಪಿದೆ. ಆದರೂ ಇಡೀ ಕೆಲಸದಲ್ಲಿ ಇದೇ ದೊಡ್ಡ ಅಪ್‌ಗ್ರೇಡ್ ಅಂತ ನಾನು ಇವತ್ತಿಗೂ ಹೇಳುತ್ತೇನೆ.

ಎರಡನೆಯದು ಪೆಟ್ರೋಲ್. ಎಂಜಿನ್‌ಗೆ ಪೆಟ್ರೋಲ್ ಸಿಂಪಡಿಸುವ ಕಂಪನಿಯ ಇಂಜೆಕ್ಟರ್‌ಗಳು ಒಂದೊಂದೂ ನಿಮಿಷಕ್ಕೆ ಸುಮಾರು 440 ಸಿಸಿ ಕೊಡುವಂಥವು. ಗಾಳಿ ಏರಿಸುತ್ತಾ ಹೋದರೆ ಒಂದು ಹಂತದಲ್ಲಿ ಅವು ತೆರೆದೇ ಇದ್ದರೂ ಸಾಲುವುದಿಲ್ಲ. ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ ಆದರೆ ಸಿಲಿಂಡರ್ ಒಳಗೆ ಬಿಸಿ ಏರಿ ನಾಕಿಂಗ್ ಶುರು. ನಾಕಿಂಗ್ ಅಂದರೇನು? ಹುಲ್ಲು ಕುತ್ರಿಗೆ ಒಂದು ತುದಿಯಲ್ಲಿ ಬೆಂಕಿ ಇಟ್ಟರೆ ಅದು ಸಾಲಾಗಿ ಹಬ್ಬಬೇಕು ಅಲ್ವಾ. ಆ ಬೆಂಕಿ ತಲುಪುವ ಮುಂಚೆಯೇ ಇನ್ನೊಂದು ಮೂಲೆ ತನ್ನಷ್ಟಕ್ಕೆ ಹೊತ್ತಿಕೊಂಡರೆ ಹೇಗೆ, ಹಾಗೆ. ತಗಡಿನ ಡಬ್ಬಿಯಲ್ಲಿ ಕಲ್ಲು ಅಲ್ಲಾಡಿಸಿದ ಶಬ್ದ ಬರುತ್ತದೆ. ಪಿಸ್ಟನ್ ಆ ಪೆಟ್ಟನ್ನು ಜಾಸ್ತಿ ದಿನ ತಡೆಯುವುದಿಲ್ಲ.

ಶಾರ್ಜಾದಲ್ಲಿ ಇದು ಇನ್ನೂ ಕಷ್ಟ. ಬೇಸಿಗೆಯಲ್ಲಿ ಹೊರಗಿನ ಗಾಳಿಯೇ 40 ಡಿಗ್ರಿ ದಾಟಿರುತ್ತದೆ. ಆ ಗಾಳಿಯನ್ನು ಒಂದು ಬಾರ್ ಒತ್ತಿದರೆ ಟರ್ಬೊದಿಂದ ಹೊರಗೆ ಬರುವಾಗ ಸುಮಾರು 130 ಡಿಗ್ರಿ ಆಗಿರುತ್ತದೆ. ಸೈಕಲ್ ಪಂಪು ಹೊಡೆದಾಗ ತುದಿ ಬಿಸಿಯಾಗುತ್ತದಲ್ಲ, ಅದೇ ಕಾರಣ. ಇಂಟರ್‌ಕೂಲರ್ ಅದನ್ನು ತಣ್ಣಗೆ ಮಾಡಬೇಕು. ಪೆಟ್ರೋಲಿನ ಆಕ್ಟೇನ್ ಜಾಸ್ತಿ ಇದ್ದಷ್ಟೂ ಅದು ನಾಕಿಂಗ್ ತಡೆಯುತ್ತದೆ. ಜಪಾನಿನ ಚಳಿಗೆ, ಅಲ್ಲಿನ 100 ಆಕ್ಟೇನ್ ಪೆಟ್ರೋಲಿಗೆ ಹೊಂದಿಸಿದ ಲೆಕ್ಕ, ಎಮಿರೇಟ್ಸ್‌ನ ಬಿಸಿಲಿಗೆ ಮತ್ತು ಅಲ್ಲಿ ಸಿಗುವ 98 ಆಕ್ಟೇನ್ ಪೆಟ್ರೋಲಿಗೆ ಹೊಂದುತ್ತದೆಯೇ? ಇಲ್ಲ. ಇಂಟರ್‌ನೆಟ್‌ನಲ್ಲಿ ಸಿಕ್ಕ ಬೇರೆ ಊರಿನ ಮ್ಯಾಪನ್ನು ತಂದು ಹಾಕಬೇಡಿ ಅಂತ ನಾನು ಹಠ ಮಾಡುವುದು ಇದಕ್ಕೇ.

ಆ ಕಾರಿಗೆ ದೊಡ್ಡ ಇಂಜೆಕ್ಟರ್, ಹೊಸ ಪೆಟ್ರೋಲ್ ಪಂಪು, ಲೋಹದ ಹೆಡ್ ಗ್ಯಾಸ್ಕೆಟ್ ಹಾಕಿದೆವು. ಕೊನೆಗೆ ಎಚ್‌ಕೆಎಸ್‌ನ ಎರಡು ಹೊಸ ಟರ್ಬೊ, ಉಕ್ಕಿನ ಚಕ್ರದವು. ಈ ಎಚ್‌ಕೆಎಸ್ 1973ರಲ್ಲಿ ಫ್ಯೂಜಿ ಬೆಟ್ಟದ ಬುಡದಲ್ಲಿ ಶುರುವಾದ ಕಂಪನಿ. ಕಟ್ಟಿದವರು ಹಿರೊಯುಕಿ ಹಸೆಗಾವಾ, ಯಮಾಹಾದಲ್ಲಿ ಎಂಜಿನಿಯರ್ ಆಗಿದ್ದವರು. ಜನ ತಮ್ಮ ಕಾರಿಗೆ ಕೊಂಡು ಹಾಕಿಸಿಕೊಳ್ಳುವ ಟರ್ಬೊ ಕಿಟ್ಟನ್ನು ಜಪಾನಿನಲ್ಲಿ ಮೊದಲು ತಂದದ್ದೇ ಅವರು. ನಮ್ಮಂಥವರ ಕಸುಬಿಗೆ ಅವರು ದೊಡ್ಡಣ್ಣ ಇದ್ದ ಹಾಗೆ.

ಎಲ್ಲ ಮುಗಿದ ಮೇಲೆ ಕಾರನ್ನು ಶಕ್ತಿ ಅಳೆಯುವ ಡೈನೊ ಯಂತ್ರದ ಮೇಲೆ ಹತ್ತಿಸಿ, ಎಂಜಿನ್ ನಡೆಸುವ ಹೊಸ ಕಂಪ್ಯೂಟರಿಗೆ, ಅಂದರೆ ಇಸಿಯುಗೆ, ಎರಡು ದಿನ ಕೂತು ಮ್ಯಾಪ್ ಬರೆದರು. ಒಬ್ಬರು ಗಾಳಿ ಪೆಟ್ರೋಲ್ ಮಿಶ್ರಣ ನೋಡುತ್ತಿದ್ದರು. ಫೋರ್‌ಮನ್ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಬ್ಲಾಕ್‌ನ ಶಬ್ದ ಕೇಳುತ್ತಿದ್ದರು. ಒಂದು ಸಣ್ಣ ಟಕ್ ಕೇಳಿದರೂ ಕೈ ಎತ್ತುತ್ತಿದ್ದರು, ಎಂಜಿನ್ ಇಳಿಸುತ್ತಿದ್ದರು. ಕೊನೆಗೆ 1.1 ಬಾರ್‌ನಲ್ಲಿ ನಿಲ್ಲಿಸಿದರು. ಮಾಲೀಕರು ಮೊದಲು ಕೇಳಿದ 1.2ಕ್ಕಿಂತ ಕಮ್ಮಿ! ಆದರೂ ಕಾರು ಮುಂಚಿಗಿಂತ ಎಷ್ಟೋ ಗಟ್ಟಿಯಾಗಿ ಎಳೆಯುತ್ತಿತ್ತು. ಬೂಸ್ಟ್ ಅನ್ನುವುದು ಒತ್ತಡ ಅಷ್ಟೇ, ಮಾರಾಯ್ರೆ. ಒಳಗೆ ಎಷ್ಟು ಗಾಳಿ ಹೋಯಿತು, ಅದು ಎಷ್ಟು ತಣ್ಣಗಿತ್ತು ಅನ್ನುವುದೇ ಮುಖ್ಯ.

ಈಗ ನಮ್ಮ ಊರಿಗೆ ಬರೋಣ. 2017ರಲ್ಲಿ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಭಾರತಕ್ಕೆ 500 ಬಂದಿತ್ತು. ಎರಡು ಲೀಟರ್, 230 ಹಾರ್ಸ್‌ಪವರ್. ಅಂಥ ಕಾರಿಗೆ ಬರೀ ಸಾಫ್ಟ್‌ವೇರ್ ಬದಲಾಯಿಸಿ 280ರ ಆಚೆ ದಾಟಿಸುತ್ತಾರೆ. ಆವತ್ತಿನ ಜಿಟಿ-ಆರ್‌ನ ಕಾಗದದ ಲೆಕ್ಕ! ಬಾನೆಟ್ ಕೂಡ ತೆರೆಯಬೇಕಾಗಿಲ್ಲ. ಅದಕ್ಕೇ ನನಗೆ ಹೆದರಿಕೆ. ಕೈಗೆ ಮಸಿ ತಾಗದ ಕೆಲಸದಲ್ಲಿ ಯಾವ ಭಾಗ ಎಷ್ಟು ತಡೆಯುತ್ತದೆ ಅನ್ನುವುದು ಕಣ್ಣಿಗೆ ಬೀಳುವುದೇ ಇಲ್ಲ.

ಗೇರ್‌ಬಾಕ್ಸನ್ನೇ ತಗೊಳ್ಳಿ. ಹಳೆಯ 1.2 ಲೀಟರ್ ಪೋಲೊ ಜಿಟಿ ಟಿಎಸ್‌ಐಯಲ್ಲಿ ಇದ್ದದ್ದು ಡಿಎಸ್‌ಜಿ ಎಂಬ, ತಾನೇ ಗೇರ್ ಬದಲಾಯಿಸುವ ಏಳು ಗೇರಿನ ಡ್ರೈ ಕ್ಲಚ್ ಗೇರ್‌ಬಾಕ್ಸ್. ಅದನ್ನು ಮಾಡಿದ್ದು 250 ನ್ಯೂಟನ್ ಮೀಟರ್ ಟಾರ್ಕ್‌ವರೆಗೆ, ಅಂದರೆ ಅಷ್ಟು ತಿರುಗಿಸುವ ಬಲದವರೆಗೆ. ಎಂಜಿನ್ ಕೊಡುವುದು 175. ನಡುವೆ ಇರುವ 75 ನಿಮ್ಮ ಕೈಯಲ್ಲಿರುವ ಉಳಿತಾಯ. ಅಷ್ಟನ್ನೂ ಒಂದೇ ದಿನ ಖರ್ಚು ಮಾಡಿ, ಬೆಂಗಳೂರಿನ ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಅರ್ಧ ಕ್ಲಚ್‌ನಲ್ಲಿ ತೆವಳಿದರೆ ಕ್ಲಚ್ ಎಷ್ಟು ದಿನ ಬಾಳುತ್ತದೆ? ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್ ಮೇಲೆ ಬೇರೆ ಇದೆ. ಅಲ್ಲಿ ಗಾಳಿಯ ಒತ್ತಡ ಕುಂದಾಪುರಕ್ಕಿಂತ ಸುಮಾರು ಹತ್ತರಲ್ಲಿ ಒಂದು ಪಾಲು ಕಮ್ಮಿ. ಅದೇ ಶಕ್ತಿ ಕೊಡಲು ಟರ್ಬೊ ಅಲ್ಲಿ ಇನ್ನೂ ಜೋರಾಗಿ ತಿರುಗಬೇಕು. ಪೆಟ್ರೋಲಿನಲ್ಲಿ ಈಗ ಎಥನಾಲ್ ಬೆರೆಸುತ್ತಾರೆ. ಒಂದು ಕಿಲೋ ಪೆಟ್ರೋಲ್ ಉರಿಯಲು 14.7 ಕಿಲೋ ಗಾಳಿ ಬೇಕು, ಎಥನಾಲ್‌ಗೆ 9 ಸಾಕು. ಅಂದರೆ ಅಷ್ಟೇ ಗಾಳಿಗೆ ಇಂಜೆಕ್ಟರ್ ಜಾಸ್ತಿ ಸುರಿಯಬೇಕು. ಎಥನಾಲ್ ಇಲ್ಲದ ಕಾಲದಲ್ಲಿ ಬರೆದ ಮ್ಯಾಪು ಇದಕ್ಕೆ ಹೊಂದುತ್ತದೆಯೇ ಅಂತ ಕೇಳಿ. 2020ರಿಂದ ಕೆಲವು ಇಂಡಿಯನ್ ಆಯಿಲ್ ಬಂಕುಗಳಲ್ಲಿ ಎಕ್ಸ್‌ಪಿ100 ಎಂಬ 100 ಆಕ್ಟೇನ್ ಪೆಟ್ರೋಲ್ ಸಿಗುತ್ತಿದೆ. ಅದಕ್ಕೆಂದೇ ಬರೆದ ಮ್ಯಾಪು ಇಟ್ಟುಕೊಂಡು, ದಾರಿಯಲ್ಲಿ ಅದು ಸಿಗಲಿಲ್ಲ ಅಂತ ಮಾಮೂಲಿ ಪೆಟ್ರೋಲ್ ತುಂಬಿಸಿದರೆ ಮತ್ತೆ ಅದೇ ಹುಲ್ಲು ಕುತ್ರಿ ಕತೆ.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿಯನ್ನು ಬದಲಾಯಿಸಬಾರದು ಅಂತ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. ವಾರಂಟಿ, ಇನ್ಶೂರೆನ್ಸ್‌ಗೂ ಇದರಿಂದ ತೊಡಕು ಬರಬಹುದು. ಕೈ ಹಾಕುವ ಮುಂಚೆ ಇದನ್ನೂ ಲೆಕ್ಕಕ್ಕೆ ಹಿಡಿಯಿರಿ. ವೇಗ ಬೇಕಿದ್ದರೆ ಟ್ರ್ಯಾಕಿಗೆ ಹೋಗಿ. ಹೆದ್ದಾರಿಯಲ್ಲಿ ನಮ್ಮ ಮಕ್ಕಳು ಸೈಕಲ್ ಹೊಡೆಯುತ್ತಾರೆ.

ಹೋದ ಮಳೆಗಾಲದಲ್ಲಿ ಬ್ರಹ್ಮಾವರ ಕಡೆಯ ಒಬ್ಬ ಹುಡುಗ ಟರ್ಬೊ ಕಾರು ತಂದ. ಪಿಕಪ್ ಸಾಲದು, ರೀಮ್ಯಾಪ್ ಮಾಡಿಸಬೇಕು ಅಂದ. ಒಂದು ದಿನ ಕಾರು ಬಿಟ್ಟು ಹೋಗು ಅಂದೆ. ನಾಲ್ಕೂ ಸಿಲಿಂಡರ್‌ನ ಕಂಪ್ರೆಷನ್ ನೋಡಿದೆ, ಸರಿ ಇತ್ತು. ಪ್ಲಗ್ಗುಗಳ ಅಂತರ ಜಾಸ್ತಿ ಆಗಿತ್ತು, ಹೊಸದು ಹಾಕಿದೆ. ಇಂಟರ್‌ಕೂಲರ್ ಪೈಪಿಗೆ ಹೊಗೆ ಬಿಟ್ಟು ನೋಡಿದೆ. ಕೆಳಗಿನ ಹೋಸ್‌ನ ಬಾಯಿ ಹತ್ತಿರ ಕೂದಲೆಳೆಯಷ್ಟು ಬಿರುಕು. ಅಲ್ಲಿಂದ ಹೊಗೆ ಸಣ್ಣಗೆ ಬರುತ್ತಿತ್ತು. ಟರ್ಬೊ ಒತ್ತಿದ ಗಾಳಿ ಅಷ್ಟು ದಿನದಿಂದ ಅಲ್ಲೇ ಸೋರುತ್ತಿತ್ತು. ಹೋಸ್ ಬದಲಾಯಿಸಿ, ಆಯಿಲ್ ಹೊಸದು ಹಾಕಿ, ಸಂಜೆ ಕೀ ಕೊಟ್ಟೆ.

ಸಾಸ್ತಾನದ ತನಕ ಓಡಿಸಿ ವಾಪಸ್ ಬಂದ. "ಅಣ್ಣಾ, ಕೊನೆಗೂ ರೀಮ್ಯಾಪ್ ಮಾಡಿದ್ರಲ್ಲ!" ಅಂದ. ಹಳೆಯ ಹೋಸನ್ನು ಬಗ್ಗಿಸಿ ಬಿರುಕು ತೋರಿಸಿದೆ. ತುಂಬಾ ಹೊತ್ತು ಅದನ್ನು ಕೈಯಲ್ಲಿ ಹಿಡಿದು ನೋಡುತ್ತಾ ನಿಂತಿದ್ದ. ಆಮೇಲೆ ಕೇಳಿದ, "ಹಾಗಾದರೆ ಇದರಲ್ಲಿ ಮುಂದೆ ಸೋಲುವುದು ಯಾವುದು?"

ಇಬ್ಬರೂ ಬೆಂಚಿನ ಮೇಲೆ ಕೂತು ಒಂದು ಹಾಳೆ ತಗೊಂಡೆವು.

ನಮಸ್ಕಾರ.