ರೊಸಾಲಿಯಾಳ ದನಿಯನ್ನು ಹುಡುಕುತ್ತಾ

ನಮಸ್ಕಾರ. ಈ ವಾರ ನಾನು ಎರಡನೆಯ ಸಲ ನೋಡಿದ್ದು ಪಿಯೆತ್ರೊ ಜೆರ್ಮಿ 1961ರಲ್ಲಿ ನಿರ್ದೇಶಿಸಿದ ‘ಡೈವೋರ್ಸ್ ಇಟಾಲಿಯನ್ ಸ್ಟೈಲ್’ ಚಿತ್ರವನ್ನು. ಮೊದಲ ಸಲ ಮಾರ್ಚೆಲ್ಲೊ ಮಾಸ್ಟ್ರೊಯಾನಿಯ ಅಭಿನಯಕ್ಕೆ, ಅದರಲ್ಲೂ ಮಾತಿನ ನಡುವೆ ತುಟಿಯ ಮೂಲೆಯನ್ನು ಚಪ್ಪರಿಸುವ ಆ ಅಭ್ಯಾಸಕ್ಕೆ, ಮನಸಾರೆ ನಕ್ಕಿದ್ದೆ. ಈ ಸಲ ನನ್ನ ಕಣ್ಣು ಚಿತ್ರದಲ್ಲಿ ಅವನ ಹೆಂಡತಿಯಾದ ರೊಸಾಲಿಯಾಳ ಮೇಲೆಯೇ ನಿಂತಿತು.

ಕಥೆ ನಡೆಯುವುದು ಸಿಸಿಲಿಯ ಒಂದು ಕಲ್ಪಿತ ಪಟ್ಟಣದಲ್ಲಿ. ಆಸ್ತಿ ಕರಗಿಹೋದ ಬ್ಯಾರನ್ ಫೆಫೆಗೆ (ಮಾಸ್ಟ್ರೊಯಾನಿಯ ಪಾತ್ರ) ಹೆಂಡತಿ ಬೇಡವಾಗಿದ್ದಾಳೆ, ಬಂಧುವಾದ ಆಂಜೆಲಾಳ ಮೇಲೆ ಮನಸ್ಸಾಗಿದೆ. ಆದರೆ ಅಂದಿನ ಇಟಲಿಯಲ್ಲಿ ವಿಚ್ಛೇದನಕ್ಕೆ ಅವಕಾಶವೇ ಇರಲಿಲ್ಲ. ಇದ್ದದ್ದು ದಂಡಸಂಹಿತೆಯ 587ನೇ ವಿಧಿ: ಸಂಗಾತಿ, ಮಗಳು ಅಥವಾ ಸೋದರಿಯ ಅಕ್ರಮ ಸಂಬಂಧ ಬಯಲಾದ ಕ್ಷಣದ ಸಿಟ್ಟಿನಲ್ಲಿ, ಮಾನಕ್ಕೆ ಧಕ್ಕೆಯಾಯಿತೆಂದು ಕೊಂದವರಿಗೆ 3ರಿಂದ 7 ವರ್ಷಗಳ ಶಿಕ್ಷೆ, ಅಷ್ಟೇ.

ಆದ್ದರಿಂದ ಫೆಫೆ ತನ್ನ ಹೆಂಡತಿಗೆ ಪ್ರಿಯಕರನೊಬ್ಬನನ್ನು ತಾನೇ ಹುಡುಕಲು ಹೊರಡುತ್ತಾನೆ. ಮತ್ಸರ ಹುಟ್ಟಿ ಅದು ಕೊಲೆಗೆ ತಿರುಗುವ ಕಥೆಗಳನ್ನು ನಾವು ಬೇಕಾದಷ್ಟು ಕೇಳಿದ್ದೇವೆ. ಇಲ್ಲಿ ಕೊಲೆಯ ತೀರ್ಮಾನ ಮೊದಲಾಗುತ್ತದೆ, ಮತ್ಸರವನ್ನು ಆಮೇಲೆ, ನ್ಯಾಯಾಲಯಕ್ಕೆ ಸಲ್ಲಿಸುವ ದಾಖಲೆಯಂತೆ ಒಂದೊಂದಾಗಿ ಜೋಡಿಸಲಾಗುತ್ತದೆ.

ಯುದ್ಧದಲ್ಲಿ ಸತ್ತನೆಂದು ಎಲ್ಲರೂ ನಂಬಿದ್ದ ಚಿತ್ರಕಾರ ಕಾರ್ಮೆಲೊನನ್ನು ಫೆಫೆ ಮನೆಯ ಹಳೆಯ ಚಿತ್ರಗಳ ದುರಸ್ತಿಗೆಂದು ಕರೆಸಿ, ಅವನ ಮತ್ತು ರೊಸಾಲಿಯಾಳ ಮಾತನ್ನು ಟೇಪ್ ರೆಕಾರ್ಡರಿನಲ್ಲಿ ಕದ್ದು ಕೇಳುತ್ತಾನೆ. ಇಡೀ ಚಿತ್ರ ಸಾಗುವುದು ಫೆಫೆಯ ನಿರೂಪಣೆಯಲ್ಲೇ ಆದ್ದರಿಂದ ರೊಸಾಲಿಯಾಳ ಅಂತರಂಗ ನಮಗೆ ತಲುಪುವುದೂ ಆ ಯಂತ್ರದ ಮೂಲಕ, ಅವಳ ಗಂಡನ ಕಿವಿಯಿಂದ. ಪ್ರೇಕ್ಷಕರಿಗೆ ಅವಳು ಬೇಸರ ತರಿಸಲೆಂದು ಆ ಪಾತ್ರದ ನಟಿ ದಾನಿಯೆಲಾ ರೊಕ್ಕಾಳ ಹುಬ್ಬುಗಳನ್ನು ದಟ್ಟವಾಗಿಸಿ, ಮೇಲ್ತುಟಿಗೆ ಮೀಸೆಯ ನೆರಳು ಕೊಟ್ಟಿದ್ದಾರೆ. ಆದರೂ ಈ ಚಿತ್ರದಲ್ಲಿ ಲೆಕ್ಕಾಚಾರವಿಲ್ಲದೆ ಪ್ರೀತಿಸುವವಳು ಅವಳೇ ಎಂದು ನನಗೆ ಗಟ್ಟಿಯಾಗಿ ಅನ್ನಿಸಿದೆ. ಗಂಡನ ಬಲೆಯೊಳಗೇ ಹುಟ್ಟಿದರೂ ಅವಳ ಬಯಕೆ ಅಪ್ಪಟವಾದದ್ದು.

ಪಾದ್ರಿ ಖಂಡಿಸಿದರೂ ಊರಿಗೆ ಊರೇ ಮುಗಿಬಿದ್ದು ಫೆಲಿನಿಯ ‘ಲಾ ದೋಲ್ಚೆ ವೀಟಾ’ ನೋಡುತ್ತಿರುವ ರಾತ್ರಿ, ರೊಸಾಲಿಯಾ ಕಾರ್ಮೆಲೊನೊಂದಿಗೆ ಊರು ಬಿಡುತ್ತಾಳೆ. ಆ ಸಿನಿಮಾದ ನಾಯಕನೂ ಮಾಸ್ಟ್ರೊಯಾನಿಯೇ ಎಂಬುದನ್ನು ನೆನೆದರೆ ಈ ದೃಶ್ಯ ಇನ್ನಷ್ಟು ರುಚಿಸುತ್ತದೆ. ಆದರೆ ಆ ಪಲಾಯನದಿಂದ ಅವಳ ಜೀವ ಉಳಿಯುವುದಿಲ್ಲ. ಫೆಫೆಗೆ ಸಿಕ್ಕುವುದು 3 ವರ್ಷದ ಶಿಕ್ಷೆ. ಅದೂ ಕ್ಷಮಾದಾನದಿಂದ ಮೊಟಕಾಗುತ್ತದೆ.

ಚಿತ್ರಕ್ಕೆ ಅತ್ಯುತ್ತಮ ಮೂಲ ಚಿತ್ರಕಥೆಯ ಆಸ್ಕರ್ ಬಂತು. ಇಟಲಿಯಲ್ಲಿ ವಿಚ್ಛೇದನ ಕಾನೂನು ಬಂದದ್ದು 1970ರಲ್ಲಿ. 1974ರ ಜನಮತಗಣನೆಯಲ್ಲಿ ಶೇ. 59ರಷ್ಟು ಮತದಾರರು ಅದನ್ನು ಉಳಿಸಿಕೊಂಡರು. 587ನೇ ವಿಧಿ ರದ್ದಾಗಲು ಮಾತ್ರ 1981ರವರೆಗೆ ಕಾಯಬೇಕಾಯಿತು, ಅಂದರೆ ಈ ಚಿತ್ರ ಬಂದು ಪೂರ್ತಿ 20 ವರ್ಷ.

ಕೊನೆಯ ದೃಶ್ಯದಲ್ಲಿ ಫೆಫೆ ತನ್ನ ಹೊಸ ಹೆಂಡತಿ ಆಂಜೆಲಾಳೊಂದಿಗೆ ದೋಣಿಯಲ್ಲಿದ್ದಾನೆ. ಅವನು ಅವಳನ್ನು ಮುದ್ದಿಸುತ್ತಿರುವಾಗ ಕ್ಯಾಮೆರಾ ಮೆಲ್ಲನೆ ಕೆಳಗಿಳಿಯುತ್ತದೆ: ಅವಳ ಬರಿಗಾಲು, ದೋಣಿ ನಡೆಸುತ್ತಿರುವ ಯುವಕನ ಪಾದವನ್ನು ಸವರುತ್ತಿರುತ್ತದೆ. ಅಷ್ಟು ಹೊತ್ತೂ ಎಲ್ಲವನ್ನೂ ಬಲ್ಲವನಂತೆ ಕಥೆ ಹೇಳಿದ ಫೆಫೆಗೆ ಅದು ಕಾಣುವುದಿಲ್ಲ. ಅವನ ಕಣ್ಣು ತಪ್ಪಿಸಿದ ಅಂಥದ್ದೊಂದು ಶಾಟ್ ರೊಸಾಲಿಯಾಳಿಗೂ ಸಿಗಬೇಕಿತ್ತು ಎಂದು, ಚಿತ್ರ ಮುಗಿದು ಬಹಳ ಹೊತ್ತಿನವರೆಗೆ ನನಗೆ ಅನ್ನಿಸುತ್ತಲೇ ಇತ್ತು.