ಕಡಲ ದಂಡೆಯ ನಡಿಗೆ, ಮಕ್ಕಳ ಔಷಧದ ಖರ್ಚು

ಕೇಳುಗರೆಲ್ಲರಿಗೆ ನಮಸ್ಕಾರ.

ನಮ್ಮ ವಿಜಯಪುರವನ್ನು ಹಾಯ್ದು ಹೋಗುವ ರಾಷ್ಟ್ರೀಯ ಹೆದ್ದಾರಿ 52 ಇದೆಯಲ್ಲ, ಅದು ಕೊಲ್ಹಾರದ ಹತ್ತಿರ ಕೃಷ್ಣೆಯನ್ನು ದಾಟುತ್ತದೆ. ಹುಬ್ಬಳ್ಳಿ, ಯಲ್ಲಾಪುರ ಮುಟ್ಟಿ, ಅರಬೈಲ್ ಘಟ್ಟ ಇಳಿದು ಅಂಕೋಲಾದ ಹತ್ತಿರ ಮುಗಿಯುತ್ತದೆ. ನಮ್ಮೂರ ರಸ್ತೆಯೇ ಸಮುದ್ರದ ತನಕ ಹೋಗುತ್ತದೆ. ಆದರೂ ಸಮುದ್ರ ನೋಡದವರು ನಮ್ಮಲ್ಲಿ ಬಹಳ ಮಂದಿ. ಕಳೆದ ಚಳಿಗಾಲದಲ್ಲಿ ನಮ್ಮ ಓಣಿಯ ಕೆಲವರು ಕೂಡಿ, ಗೈಡ್ ಜೊತೆ ಮಾಡಿಕೊಂಡು, ಕುಮಟಾದಿಂದ ಗೋಕರ್ಣಕ್ಕೆ ದಂಡೆ ಹಿಡಿದು ನಡೆದೆವು. ಆ ನಡಿಗೆಯ ಹೆಸರಲ್ಲಿ ಕೂಡಿಸಿದ ಹಣ ಥಲಸ್ಸೇಮಿಯಾ ಅನ್ನುವ ರಕ್ತದ ಕಾಯಿಲೆ ಇರುವ ಮಕ್ಕಳ ಮನೆಗಳಿಗೆ ಹೋಯಿತು.

“ನೀವು ನಡೆದರೆ ನಾವ್ಯಾಕೆ ರೊಕ್ಕ ಕೊಡಬೇಕು?” ಅಂತ ಕೇಳಿದವರಿದ್ದರು. ಸರಿಯಾದ ಪ್ರಶ್ನೆಯೇ. ಆದರೆ ಯುಗಾದಿ ಹೊತ್ತಿಗೆ ನಮ್ಮ ಕಡೆಯಿಂದ ಶ್ರೀಶೈಲಕ್ಕೆ ಪಾದಯಾತ್ರೆ ಹೋಗುತ್ತಾರಲ್ಲ, ಅದನ್ನು ನೆನಪಿಸಿಕೊಳ್ಳಿ. ದಾರಿಯುದ್ದಕ್ಕೂ ದಾಸೋಹ. ಒಬ್ಬರು ಮಜ್ಜಿಗೆ ಕೊಡುತ್ತಾರೆ, ಒಬ್ಬರು ಬಿಸಿನೀರು ಕಾಯಿಸಿ ಕಾಲಿಗೆ ಹಾಕುತ್ತಾರೆ. ನಡೆಯಲು ಆಗದವರು ನಡೆಯುವವರ ಕೈಯಲ್ಲಿ ತಮ್ಮ ಪಾಲಿನ ಕಾಣಿಕೆ ಕೊಟ್ಟು ಕಳಿಸುತ್ತಾರೆ. ಒಬ್ಬರ ಕಾಲು, ಇನ್ನೊಬ್ಬರ ಕೈ. ಇದು ನಮಗೆ ಹೊಸದೇನಲ್ಲ.

ಹಣ ಯಾಕೆ ಬೇಕು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಥಲಸ್ಸೇಮಿಯಾ ಜೋರಾಗಿರುವ ಮಗುವಿನ ಮೈಯಲ್ಲಿ ಬೇಕಾದಷ್ಟು ಹಿಮೋಗ್ಲೋಬಿನ್ ತಯಾರಾಗುವುದಿಲ್ಲ. ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಏರಿಸಲೇಬೇಕು, ಹೆಚ್ಚಿನವರಿಗೆ ಬದುಕಿರುವಷ್ಟು ದಿನವೂ. ಈ ಮಕ್ಕಳಿಗೆ ಸರ್ಕಾರಿ ರಕ್ತನಿಧಿಯಲ್ಲಿ ರಕ್ತಕ್ಕೆ ದುಡ್ಡಿಲ್ಲ. ಶಕ್ತಿ ಯೋಜನೆ ಬಂದ ಮೇಲೆ ತಾಯಿಗೆ ಸರ್ಕಾರಿ ಬಸ್ಸಿನ ಟಿಕೆಟ್ಟೂ ಇಲ್ಲ. ಹಾಗಾದರೆ ಖರ್ಚು ಎಲ್ಲಿಂದ ಬಂತು? ಆಸ್ಪತ್ರೆಗೆ ಹೋದ ದಿನ ಕೂಲಿ ಹೋಯಿತು. ಜೊತೆಗೆ ಅಪ್ಪ ಬಂದರೆ ಅವನ ಕೂಲಿಯೂ ಹೋಯಿತು, ಟಿಕೆಟ್ಟೂ ಬಿತ್ತು. ಅದಕ್ಕಿಂತ ದೊಡ್ಡದು ಕಬ್ಬಿಣದ ಲೆಕ್ಕ. ಒಂದು ಚೀಲ ರಕ್ತದಲ್ಲಿ ಸುಮಾರು 200ರಿಂದ 250 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ಹೆಚ್ಚಾದ ಕಬ್ಬಿಣವನ್ನು ಹೊರಗೆ ಹಾಕುವ ದಾರಿ ನಮ್ಮ ದೇಹಕ್ಕಿಲ್ಲ. ಅದು ಹೃದಯದಲ್ಲಿ, ಲಿವರ್‌ನಲ್ಲಿ ಕೂಡುತ್ತಾ ಹೋಗುತ್ತದೆ. ಅದನ್ನು ಇಳಿಸಲು ದಿನಾ ಔಷಧ ಬೇಕು. ಎಷ್ಟು ಕೂಡಿದೆ ನೋಡಲು ಫೆರಿಟಿನ್ ಪರೀಕ್ಷೆ ಬೇಕು. ಆಸ್ಪತ್ರೆಯಲ್ಲಿ ಔಷಧ ಸಿಗದ ತಿಂಗಳು ಹೊರಗೆ ಕೊಳ್ಳಬೇಕು. ನಾವು ಹಣ ಕೂಡಿಸಿದ್ದು ಈ ಔಷಧಕ್ಕೆ, ಪರೀಕ್ಷೆಗೆ, ಕೂಲಿ ತಪ್ಪಿದ ದಿನಕ್ಕೆ.

ಹೊರಡುವ ಮುಂಚೆ ಒಂದು ಮಾತು ಗಟ್ಟಿ ಮಾಡಿಕೊಂಡೆವು. ಬಸ್ಸು, ಊಟ, ವಸತಿ, ಗೈಡ್ ಸಂಬಳ, ಎಲ್ಲಾ ನಮ್ಮ ನಮ್ಮ ಜೇಬಿನಿಂದ. ಮಕ್ಕಳ ಹೆಸರಲ್ಲಿ ಬಂದ ಒಂದು ರೂಪಾಯಿಯೂ ನಮ್ಮ ತಿರುಗಾಟಕ್ಕೆ ಹೋಗಬಾರದು. ಇದು ಸ್ಪಷ್ಟ ಇಲ್ಲದಿದ್ದರೆ ಇಂಥ ನಡಿಗೆಗೆ ಯಾರೂ ಹೋಗಬಾರದು ಅಂತ ನನ್ನ ಅಭಿಪ್ರಾಯ. ಮನೆ ಮನೆಗೆ ಹೋಗಿ ಈ ಮಾತನ್ನೇ ಮೊದಲು ಹೇಳಿದೆವು. ಫೋನಿನಲ್ಲಿ ಕೇಳಿದಾಗ “ನೋಡೋಣ” ಅಂದವರು, ಕಟ್ಟೆಯ ಮೇಲೆ ಕೂತು ಕಬ್ಬಿಣದ ಲೆಕ್ಕ ಹೇಳಿದಾಗ ಎದ್ದು ಒಳಗೆ ಹೋಗಿ ಹಣ ತಂದರು. ದೊಡ್ಡ ಮೊತ್ತ ಕೊಡುವವರಿಗೆ ಖಾತೆಗೇ ಹಾಕಿ ಅಂದೆವು. 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಸಿಗುವುದಿಲ್ಲ, ಅಲ್ವಾ?

ಈಗ ಕಡಲಿಗೆ ಬರೋಣ.

ಬಯಲುಸೀಮೆಯವರು ನಾವು. ಎಂಥ ಬಿಸಿಲಿದ್ದರೂ ನಡೆಯುತ್ತೇವೆ. ಆದರೆ ಸಮುದ್ರದ ಗುಣ ನಮಗೆ ಗೊತ್ತಿಲ್ಲ. ಗೈಡ್ ಬೇಕಾಗುವುದು ಅದಕ್ಕೇ. ನಮ್ಮ ಜೊತೆ ಬಂದವನು ಅಲ್ಲಿಯ ಮೀನುಗಾರರ ಮನೆಯ ಹುಡುಗ. ಬೆಳಿಗ್ಗೆ ಅವನು ಮೊದಲು ನೋಡಿದ್ದು ನಮ್ಮನ್ನಲ್ಲ, ಒಂದು ಬಂಡೆಯನ್ನು. ಬಂಡೆಯ ಮೇಲೆ ನೀರಿನ ಗೆರೆ ಇತ್ತು. ಮೇಲೆ ಒಣಗಿದ ಬಿಳಿ ಬಣ್ಣ, ಕೆಳಗೆ ಕಪ್ಪು, ನಡುವೆ ಸಣ್ಣ ಸಣ್ಣ ಚಿಪ್ಪು ಅಂಟಿಕೊಂಡಿದ್ದವು. ಕೈಯಿಂದ ಮುಟ್ಟಿ, “ಇಳಿತ ಶುರುವಾಗಿದೆ, ಈಗ ಹೊರಡುವ” ಅಂದ. ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ನಡುವೆ ಆರು ಗಂಟೆ ಚಿಲ್ಲರೆ. ಇವತ್ತು ಹತ್ತಕ್ಕೆ ಉಬ್ಬರ ಬಂದರೆ ನಾಳೆ ಸುಮಾರು ಐವತ್ತು ನಿಮಿಷ ತಡ. ಅಮಾವಾಸ್ಯೆ, ಹುಣ್ಣಿಮೆಗೆ ನೀರು ಇನ್ನೂ ಮೇಲೆ ಬರುತ್ತದೆ. ಇಳಿತದ ಹೊತ್ತಿಗೆ ನೀರು ಸರಿದ ಮರಳು ಗಟ್ಟಿ ಇರುತ್ತದೆ, ಆರಾಮ ನಡೆಯಬಹುದು. ಉಬ್ಬರ ಬಂತೋ, ದಾರಿ ಮೇಲಿನ ಮೆತ್ತನೆ ಮರಳಿಗೆ ಸರಿಯುತ್ತದೆ. ಅಲ್ಲಿ ಹೆಜ್ಜೆ ಹೆಜ್ಜೆಗೂ ಕಾಲು ಹೂತು ಮೀನಖಂಡ ಹಿಡಿದುಕೊಳ್ಳುತ್ತದೆ.

“ಅಕ್ಕಾ, ಸಮುದ್ರಕ್ಕೆ ಬೆನ್ನು ಹಾಕಿ ನಿಲ್ಲಬೇಡಿ.” ಫೋಟೋಕ್ಕೆ ನಿಂತವರಿಗೆ ಅವನು ಈ ಮಾತು ಎಷ್ಟು ಸಲ ಹೇಳಿದನೋ. ನೀರು ಒಳಗೆ ಎಳೆದರೆ ದಂಡೆಯ ಕಡೆ ಎದುರೀಜಬೇಡಿ, ದಂಡೆಗೆ ಸಮನಾಗಿ ಪಕ್ಕಕ್ಕೆ ಈಜಿ, ಸೆಳೆತ ತಪ್ಪುತ್ತದೆ ಅಂತ ಕಲಿಸಿದ. ಈಜು ಬಾರದವರಿಗೆ ಹೇಳಿದ್ದು ಒಂದೇ: ಮೊಣಕಾಲಿನಿಂದ ಮೇಲೆ ನೀರು ಬೇಡ.

ಕುಮಟಾದ ಕಡೆಯಿಂದ ಬಾಡ, ಕಾಗಾಲ ದಾಟಿ ಅಘನಾಶಿನಿ ನದಿಯ ಬಾಯಿಗೆ ಬರುತ್ತೀರಿ. ಆಚೆ ದಡ ತದಡಿ. ದೋಣಿಯಲ್ಲಿ ದಾಟಬೇಕು. ನಾನು ಜಾಸ್ತಿ ಹೊತ್ತು ನಿಂತು ನೋಡಿದ ಜಾಗ ಇದು. ಶಿರಸಿ ಕಡೆ ಹುಟ್ಟಿದ ಈ ಹೊಳೆಗೆ ಎಲ್ಲೂ ದೊಡ್ಡ ಅಣೆಕಟ್ಟಿಲ್ಲ. ಆಲಮಟ್ಟಿಯ ಹಿನ್ನೀರು ನೋಡಿ ಬೆಳೆದ ನಮಗೆ ಅದೇ ಒಂದು ಸೋಜಿಗ. ಸಿಹಿನೀರು, ಉಪ್ಪುನೀರು ಕೂಡುವ ಈ ಅಳಿವೆ 2024ರಲ್ಲಿ ರಾಮ್ಸರ್ ಪಟ್ಟಿಗೆ, ಅಂದರೆ ಕಾಪಾಡಬೇಕಾದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿತು. ಇಳಿತದಲ್ಲಿ ಸೊಂಟದ ಮಟ್ಟದ ನೀರಿನಲ್ಲಿ ನಿಂತು ಜನ ಬಳಚು ಆರಿಸುತ್ತಾರೆ. ಅದು ಚಿಪ್ಪಿನೊಳಗೆ ಬದುಕುವ ಜೀವಿ, ಎಷ್ಟೋ ಮನೆಗಳ ಒಲೆ ಉರಿಯುವುದು ಅದರಿಂದ. ಒಳಗೆ ಗಜನಿ ಗದ್ದೆಗಳಲ್ಲಿ ಕಗ್ಗ ಅನ್ನುವ ಭತ್ತ ಬೆಳೆಯುತ್ತಾರೆ. ಉಪ್ಪುನೀರು ನುಗ್ಗಿದರೂ ತಡೆದುಕೊಳ್ಳುವ ತಳಿ. ಮಳೆ ಕೈಕೊಟ್ಟರೂ ನಿಲ್ಲುವ ಬಿಳಿಜೋಳ ನಮ್ಮದು, ಉಪ್ಪಿಗೂ ಜಗ್ಗದ ಭತ್ತ ಅವರದು.

ದೋಣಿ ಇಳಿದು ಮುಂದೆ ಹೋದರೆ ಪ್ಯಾರಡೈಸ್, ಹಾಫ್ ಮೂನ್, ಓಂ, ಕುಡ್ಲೆ ಬೀಚುಗಳು. ಅಲ್ಲಿ ಮರಳಿಗಿಂತ ಬಂಡೆ, ಗುಡ್ಡದ ಕಾಲುದಾರಿ ಜಾಸ್ತಿ. ಒಳ್ಳೆ ಹಿಡಿತದ ಬೂಟು ಬೇಕು. ಊಟದ ಚಿಂತೆ ನಮಗಿರಲಿಲ್ಲ. ಕಡಕ್ ರೊಟ್ಟಿ, ಶೇಂಗಾ ಚಟ್ನಿ ಬುತ್ತಿಯಲ್ಲಿತ್ತು. ದೋಣಿಯವನಿಗೂ ಕೊಟ್ಟೆವು. ರೊಟ್ಟಿ ಮುರಿದ ಸದ್ದಿಗೇ ನಕ್ಕುಬಿಟ್ಟ.

ಊರಿಗೆ ಬಂದು ಮೊದಲು ಮಾಡಿದ ಕೆಲಸ, ಯಾರು ಎಷ್ಟು ಕೊಟ್ಟರು, ಯಾವ ಔಷಧಕ್ಕೆ ಎಷ್ಟು ಹೋಯಿತು ಅಂತ ಬರೆದು ಓಣಿಯ ಗುಡಿ ಕಟ್ಟೆಯ ಮೇಲೆ ಅಂಟಿಸಿದ್ದು. ಮಕ್ಕಳ ಹೆಸರು ಮಾತ್ರ ಬರೆಯಲಿಲ್ಲ. ಅದು ಅವರ ಮನೆಯ ವಿಷಯ.

ಇನ್ನೊಂದು ಮಾತು ಮದುವೆ ಮಾಡುವ ಮನೆಗಳಿಗೆ. ಈ ಕಾಯಿಲೆಯ ಗುಣ ಒಳಗಿದ್ದೂ ಆರೋಗ್ಯವಾಗಿರುವವರು ಇರುತ್ತಾರೆ. ಗಂಡ ಹೆಂಡತಿ ಇಬ್ಬರಲ್ಲೂ ಆ ಗುಣ ಇದ್ದರೆ, ಪ್ರತಿ ಸಲ ಬಸುರಿಯಾದಾಗಲೂ ಮಗುವಿಗೆ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು. ಸೋದರಮಾವ, ಅತ್ತೆ ಮಗ ಅಂತ ಒಳಗೊಳಗೇ ಸಂಬಂಧ ಬೆಳೆಸುವ ನಮ್ಮಲ್ಲಿ ಇಬ್ಬರಲ್ಲೂ ಆ ಗುಣ ಇರುವ ಸಂಭವ ಇನ್ನೂ ಜಾಸ್ತಿ. ಜಾತಕದ ಜೊತೆ, ಆ ಗುಣ ಇದೆಯೋ ಇಲ್ಲವೋ ನೋಡುವ ಹಿಮೋಗ್ಲೋಬಿನ್ ಎ2 ರಕ್ತಪರೀಕ್ಷೆಯನ್ನೂ ಮಾಡಿಸಿ ಅಂತ ಕೈಮುಗಿದು ಕೇಳುತ್ತೇನೆ.

ಈ ಡಿಸೆಂಬರಿನಲ್ಲಿ ಮತ್ತೆ ನಡೆಯುತ್ತೇವೆ. ಬರಲು ಆಗದವರು ರಕ್ತ ಕೊಡಬಹುದು. ವಯಸ್ಸು 18ರಿಂದ 65, ತೂಕ ಕನಿಷ್ಠ 45 ಕಿಲೋ, ಹಿಮೋಗ್ಲೋಬಿನ್ 12.5 ಇರಬೇಕು. ಗಂಡಸರು 90 ದಿನಕ್ಕೊಮ್ಮೆ, ಹೆಂಗಸರು 120 ದಿನಕ್ಕೊಮ್ಮೆ ಕೊಡಬಹುದು. ಏಪ್ರಿಲ್, ಮೇ ತಿಂಗಳಲ್ಲಿ ಕಾಲೇಜಿಗೆ ರಜೆ, ರಕ್ತದಾನ ಶಿಬಿರಗಳು ಕಡಿಮೆ. ಮಕ್ಕಳ ಸರದಿ ಮಾತ್ರ ತಪ್ಪುವುದಿಲ್ಲ. ಆ ಎರಡು ತಿಂಗಳು ದಯವಿಟ್ಟು ರಕ್ತನಿಧಿಗೆ ಹೋಗಿ ಬನ್ನಿ.

ನಮಸ್ಕಾರ.